ಮುಂದೆ 29, ಹಿಂದೆ 27.5: ಸೈಕಲ್ ಚಕ್ರದ ಲೆಕ್ಕ

ಮುಂದೆ ಮಾತ್ರ ಶಾಕ್ ಇದ್ದು ಹಿಂದೆ ಗಟ್ಟಿ ಫ್ರೇಮ್ ಇರುವ ಮೌಂಟನ್ ಬೈಕಿಗೆ ಹಾರ್ಡ್‌ಟೇಲ್ ಎನ್ನುತ್ತಾರೆ. 29 ಇಂಚಿನ ಇಂಥ ಸೈಕಲ್ಲಿನ ಹಿಂದಿನ ಚಕ್ರ ಹಾಳಾದರೆ, ಸೆಕೆಂಡ್ ಹ್ಯಾಂಡ್ 27.5 ಹಾಕಬಹುದೇ? ಹಾಕಬಹುದು. 2019ರಲ್ಲಿ ಲೊಯಿಕ್ ಬ್ರೂನಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದದ್ದು ಇದೇ ಜೋಡಿಯಲ್ಲಿ. ಆದರೆ ಅವರ ಸೈಕಲ್ಲಿಗೆ ಎರಡೂ ಕಡೆ ಶಾಕ್ ಇತ್ತು, ಎಲ್ಲವನ್ನೂ ಹೊಂದಿಸಿದ್ದರು.

ಇಂಚು ಬಿಡಿ, ಟೈರಿನ ಪಕ್ಕ ಅಚ್ಚಾದ ಮಿಲಿಮೀಟರ್ ಓದಿ. 29ಕ್ಕೆ 622, 27.5ಕ್ಕೆ 584. ವ್ಯತ್ಯಾಸ 38. ಟೈರ್ ದಪ್ಪ ಒಂದೇ ಆದರೆ ಹಿಂದಿನ ಆಕ್ಸಲ್ ಅದರ ಅರ್ಧ, 19 ಮಿ.ಮೀ. ಇಳಿಯುತ್ತದೆ. ಪೆಡಲ್ ತಿರುಗುವ ಜಾಗ ಹಿಂದಿನ ಚಕ್ರಕ್ಕೇ ಹತ್ತಿರ. ಅದು ಸುಮಾರು 12 ಮಿ.ಮೀ. ಇಳಿಯುತ್ತದೆ. ಇಷ್ಟೇನಾ ಅನ್ನಬೇಡಿ, ಕಲ್ಲಿನ ದಾರಿಯಲ್ಲಿ ಪೆಡಲ್ ತಾಗಿ ಬೀಳಲು ಇಷ್ಟು ಸಾಕು. ಸೈಕಲ್ಲು ಸುಮಾರು 1 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ಇದರಿಂದ ಧೈರ್ಯ ಬರುತ್ತದೆ, ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ. ನಮ್ಮ ಅಕೌಂಟೆನ್ಸಿಯ ಹಾಗೆ, ಒಂದು ಕಡೆ ಡೆಬಿಟ್ ಇದ್ದರೆ ಇನ್ನೊಂದು ಕಡೆ ಕ್ರೆಡಿಟ್!

ರಿಮ್ಮನ್ನು ಹಿಡಿಯುವ ವಿ-ಬ್ರೇಕ್ ಇದ್ದರೆ ಈ ಯೋಚನೆಯೇ ಬೇಡ. ರಬ್ಬರ್ ರಿಮ್ ಬಿಟ್ಟು ಟೈರನ್ನು ಒತ್ತುತ್ತದೆ. ಡಿಸ್ಕ್ ಬ್ರೇಕ್ ಆದರೆ ತೊಂದರೆ ಇಲ್ಲ, ಹಬ್ಬಿನ ಅಗಲ ಮತ್ತು ಡಿಸ್ಕ್ ಅಳತೆ ಹೊಂದಬೇಕು ಅಷ್ಟೇ.

ಸಸ್ತಾ ಅಂತ ತಂದರೂ ಎರಡು ಅಳತೆಯ ಟ್ಯೂಬು ಇಟ್ಟುಕೊಳ್ಳಬೇಕು, ಆ ಖರ್ಚನ್ನೂ ಬರೆದುಕೊಳ್ಳಿ. ದುಡ್ಡು ಕೊಡುವ ಮೊದಲು ಪೆಡಲನ್ನು ಪೂರ್ತಿ ಕೆಳಗೆ ತಂದು, ನೆಲದಿಂದ ಎಷ್ಟು ಎತ್ತರ ಇದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. ಅದರಲ್ಲಿ 12 ಕಳೆಯಿರಿ.