ಕೋಲ್ಡ್ ರೂಮ್ ತಣ್ಣಗಾಗ್ತಿಲ್ವಾ? ಗ್ಯಾಸ್ ತುಂಬಿಸುವ ಮುಂಚೆ ಇಷ್ಟು ನೋಡಿ



"ಗ್ಯಾಸ್ ಕಮ್ಮಿ ಆಗಿದೆ ಸಾರ್, ತುಂಬಿಸ್ಬೇಕು." ತೋಟದಲ್ಲಿ ಸಣ್ಣ ಕೋಲ್ಡ್ ರೂಮ್ ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ಚಿಂತಾಮಣಿ ಹತ್ತಿರದ ನಮ್ಮ ತೋಟದಲ್ಲಿ ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಹೀಗೇ ಆಯ್ತು. ಮಂಡಿಯಲ್ಲಿ ರೇಟ್ ಬಿದ್ದಿತ್ತು, ನಾಲ್ಕು ದಿನ ಕಾಯೋಣ ಅಂತ 40 ಕ್ರೇಟ್ ಕ್ಯಾಪ್ಸಿಕಂ ಒಳಗಿಟ್ಟಿದ್ದೆ. 8 ಡಿಗ್ರಿ ಇರಬೇಕಾದ ರೂಮ್ 16ಕ್ಕೆ ಏರಿತು. ಗ್ಯಾಸ್ ತುಂಬಿಸಿದೆ. ಮೂರು ವಾರಕ್ಕೆ ಮತ್ತೆ ಅದೇ ಕಥೆ, ಮತ್ತೆ ತುಂಬಿಸಿದೆ. ಕಾಯಿ ಸುಕ್ಕಾಗಿ ಸಿಕ್ಕ ರೇಟಿಗೆ ಹೋಯ್ತು. ಮೂರನೇ ಸಲ ಬಂದ ಬೇರೆ ಮೆಕ್ಯಾನಿಕ್ ಪೈಪ್ ಜಾಯಿಂಟ್‌ನ ಒಂದು ನಟ್ ತೋರಿಸಿದರು. ಎಣ್ಣೆ ಜಿನುಗಿ ಧೂಳು ಅಂಟಿಕೊಂಡಿತ್ತು. ಲೀಕ್ ಅಲ್ಲೇ ಇತ್ತು.

ಅವತ್ತು ನಾನು ಕಲಿತ ಪಾಠ ಇಷ್ಟೇ: ಗ್ಯಾಸ್ ಡೀಸೆಲ್ ಥರ ಖರ್ಚಾಗೋ ವಸ್ತು ಅಲ್ಲ. ಮುಚ್ಚಿದ ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ, ಒಳಗಿನ ಶಾಖ ಹೀರಿ ಹೊರಗೆ ಬಿಡುತ್ತೆ. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮೊದಲೇ ಸರಿಯಾಗಿ ತುಂಬಿಲ್ಲ. ಎಸಿ, ಫ್ರಿಜ್, ಮನೆಯ ಹೀಟ್ ಪಂಪ್ ಗೀಸರ್‌ಗೂ ಇದೇ ಲೆಕ್ಕ.

ಮೊದಲು ನೀವೇ ನೋಡಬಹುದಾದ್ದು

ಡ್ರಿಪ್‌ನಲ್ಲಿ ಪ್ರೆಷರ್ ಇಳಿದರೆ ಮೊದಲು ಫಿಲ್ಟರ್ ನೋಡ್ತೀವಲ್ಲ, ಇಲ್ಲೂ ಹಾಗೇ.

1. ಹೊರಗಿನ ಕಾಯಿಲ್‌ನಲ್ಲಿ ಧೂಳು ತುಂಬಿದೆಯಾ? ಮೇನ್ ಸ್ವಿಚ್ ಆಫ್ ಮಾಡಿ, ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.
2. ಒಳಗಿನ ಫ್ಯಾನ್ ತಿರುಗುತ್ತಿದೆಯಾ? ಕ್ರೇಟ್‌ಗಳು ಗಾಳಿಗೆ ಅಡ್ಡ ಇವೆಯಾ? ಬಾಗಿಲಿನ ರಬ್ಬರ್ ಹರಿದಿದೆಯಾ?
3. ಮಧ್ಯಾಹ್ನದ ಬಿಸಿಲಲ್ಲಿ ಕಿತ್ತ ಕಾಯಿ ನೇರ ಒಳಗೆ ಹೋಯ್ತಾ? ಬೆಳಗ್ಗೆ ತಂಪಲ್ಲಿ ಕಿತ್ತು, ನೆರಳಲ್ಲಿಟ್ಟು ಆಮೇಲೆ ತುಂಬಿ.
4. ಒಳಗಿನ ಕಾಯಿಲ್ ಪೂರ್ತಿ ಐಸ್ ಕಟ್ಟಿದ್ದರೆ ಕರಗಿಸಿ ನೋಡಿ. ಡಿಫ್ರಾಸ್ಟ್ ಅಥವಾ ಫ್ಯಾನ್ ದೋಷ ಇರಬಹುದು.

ಇವೆಲ್ಲ ಸರಿ ಇದ್ದು, ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದರೂ ರೂಮ್ ತಣ್ಣಗಾಗದಿದ್ದರೆ, ಕಾಯಿಲ್‌ನ ಗ್ಯಾಸ್ ಒಳಬರುವ ತುದಿಯಲ್ಲಿ ಮಾತ್ರ ಹಿಮ ಕಟ್ಟಿ ಉಳಿದದ್ದು ಒಣಗಿದ್ದರೆ, ಗ್ಯಾಸ್ ಕಮ್ಮಿ ಅಂತ ಅನುಮಾನಿಸಬಹುದು. ಪೈಪಿನಲ್ಲಿ ಗಾಜಿನ ಕಿಂಡಿ ಇದ್ದರೆ, ಮೆಷಿನ್ ಸ್ವಲ್ಪ ಹೊತ್ತು ಓಡಿದ ಮೇಲೂ ಗುಳ್ಳೆ ನಿಲ್ಲುತ್ತಿಲ್ಲವೇ ನೋಡಿ. ಆದರೆ ಪೈಪಿನ ಫಿಲ್ಟರ್ ಕಟ್ಟಿದರೂ ಗುಳ್ಳೆ ಬರುತ್ತೆ. ಜಾಯಿಂಟ್‌ಗಳಲ್ಲಿ ಎಣ್ಣೆ ಕಲೆ ಹುಡುಕಿ, ಸೋಪಿನ ನೀರು ಹಚ್ಚಿ. ನೊರೆ ಉಬ್ಬಿದರೆ ಲೀಕ್ ಸಿಕ್ಕಿತು.

ಮೆಕ್ಯಾನಿಕ್ ಕೈಯಲ್ಲಿ ಮಾಡಿಸಬೇಕಾದ್ದು

ಗೇಜ್ ಹಾಕೋದು, ವಾಲ್ವ್ ತೆಗೆಯೋದು ನಮ್ಮ ಕೆಲಸ ಅಲ್ಲ. ದ್ರವ ರೂಪದ ಗ್ಯಾಸ್ ಚರ್ಮಕ್ಕೆ ತಗುಲಿದರೆ ಸುಟ್ಟಂತೆ ಗಾಯ ಆಗುತ್ತೆ. ಮುಚ್ಚಿದ ರೂಮಲ್ಲಿ ಸೋರಿದರೆ ಉಸಿರು ಕಟ್ಟಬಹುದು. ಆರ್-290 ಅಂತ ಬರೆದಿದ್ದರೆ ಅದು ಪ್ರೊಪೇನ್, ಬೆಂಕಿ ಹತ್ತಿರ ತರಲೇಬೇಡಿ.

ಅವರಿಗೆ ಹೀಗೆ ಕೇಳಿ: ಲೀಕ್ ಮುಚ್ಚಿದ್ರಾ? ನೈಟ್ರೋಜನ್ ತುಂಬಿ ಪ್ರೆಷರ್ ನಿಲ್ಲುತ್ತಾ ನೋಡಿದ್ರಾ? ವ್ಯಾಕ್ಯೂಮ್ ಮಾಡಿದ್ರಾ? ಮೆಷಿನ್ ಮೇಲಿನ ಪ್ಲೇಟ್‌ನಲ್ಲಿರುವ ಗ್ಯಾಸನ್ನೇ ತೂಕ ಮಾಡಿ ಹಾಕ್ತಿದ್ದೀರಾ? ಪ್ರೆಷರ್ ಒಂದನ್ನೇ ನೋಡಿದರೆ ಸಾಲದು, ಪೈಪಿನ ಟೆಂಪರೇಚರ್ ಕೂಡ ಅಳೆಯಬೇಕು. ಆರ್-404ಎ ಮೂರು ಗ್ಯಾಸ್‌ಗಳ ಮಿಶ್ರಣ, ಸಿಲಿಂಡರ್‌ನಿಂದ ದ್ರವ ರೂಪದಲ್ಲೇ ತೆಗೆಯಬೇಕು. ಹೆಚ್ಚು ತುಂಬಿದರೂ ಕಂಪ್ರೆಸರ್‌ಗೆ ಪೆಟ್ಟು.

ಇನ್ನೊಂದು ಮಾತು. ಒಂದು ಕೆ.ಜಿ. ಆರ್-404ಎ ಸೋರಿದರೆ ಭೂಮಿ ಬಿಸಿಯಾಗುವುದು ಸುಮಾರು 3,900 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು. ಗೊಬ್ಬರ, ಔಷಧಿ ಬಿಟ್ಟು ಸಾವಯವ ಮಾಡುವ ನಾವು ಇದನ್ನೂ ಲೆಕ್ಕಕ್ಕೆ ತಗೋಬೇಕಲ್ವಾ?

ಒಂದು ನೋಟ್‌ಬುಕ್ ಇಡಿ. ತಾರೀಖು, ಗ್ಯಾಸ್ ಹೆಸರು, ಎಷ್ಟು ಗ್ರಾಂ, ದಿನಾ ಬೆಳಗ್ಗೆ ರೂಮಿನ ಟೆಂಪರೇಚರ್ ಬರೆಯಿರಿ. ಟೆಂಪರೇಚರ್ ದಿನಕ್ಕೊಂದಿಷ್ಟು ಏರ್ತಿದ್ದರೆ, ಕಾಯಿ ಸುಕ್ಕಾಗುವ ಮುಂಚೆಯೇ ನಿಮಗೆ ಗೊತ್ತಾಗುತ್ತೆ.