ಹೆಸರು ನೋಡಿ ಮುಂಗಡ ಕಟ್ಟಬೇಡ

ಮಗೂ, ಮತ್ತೆ ಜೀವ ಪಡೆದ ಹಳೆಯ ಕಂಪನಿಯೊಂದರ ಬೈಕಿಗೆ ಮುಂಗಡ ಕಟ್ಟುತ್ತೇನೆ ಎಂದೆಯಲ್ಲ, ಆ ಆಸೆ ಏನೆಂದು ಮೈಸೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಇಂದಿಗೂ ಬೀದಿಯಲ್ಲಿ ಅಲ್ಲಿ ತಯಾರಾದ ಯೆಜ್ಡಿ ಬೈಕಿನ ಸದ್ದು ಕೇಳಿದರೆ ಜನ ತಿರುಗಿ ನೋಡುತ್ತಾರೆ. ಆ ಪ್ರೀತಿ ಇರಲಿ. ಹಣ ಕಟ್ಟುವ ಮೊದಲು ಮಾತ್ರ ಇಂಗ್ಲೆಂಡಿನ ನಾರ್ಟನ್ ಕಂಪನಿಗೆ ಏನಾಯಿತು, ಅದನ್ನು ನಂಬಿದವರಿಗೆ ಏನಾಯಿತು ಎಂಬುದನ್ನು ಕೇಳಿಸಿಕೋ.

ನಾರ್ಟನ್ ಹುಟ್ಟಿದ್ದು 1898ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ. ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಟಿಟಿ ರೇಸು 1907ರಲ್ಲಿ ಮೊದಲ ಸಲ ನಡೆದಾಗಲೇ ಎರಡು ಸಿಲಿಂಡರಿನ ವಿಭಾಗ ಗೆದ್ದದ್ದು ನಾರ್ಟನ್ ಬೈಕು. ಮುಂದೆ ಮ್ಯಾಂಕ್ಸ್ ಎಂಬ ಬೈಕು ಬಂತು, ಕಮಾಂಡೊ ಎಂಬುದು ಬಂತು. 1970ರ ದಶಕದಲ್ಲಿ ಬ್ರಿಟನ್ನಿನ ಬೈಕ್ ಉದ್ಯಮವೇ ನೆಲಕಚ್ಚಿದಾಗ ಇದೂ ಮುಳುಗಿತು. ಆಮೇಲೆ ಉಳಿದದ್ದು ಹೆಸರು. ಅದು ಕೈಯಿಂದ ಕೈಗೆ ದಾಟುತ್ತ, 2008ರಲ್ಲಿ ಪಟಾಕಿ ವ್ಯಾಪಾರದಿಂದ ಬಂದ ಸ್ಟುವರ್ಟ್ ಗಾರ್ನರ್ ಎಂಬವರ ಪಾಲಾಯಿತು.

ಇಲ್ಲಿ ನೀನು ಗಮನಿಸಬೇಕಾದದ್ದಿದೆ. ನೂರು ವರ್ಷದ ಹೆಸರನ್ನು ಒಂದೇ ದಿನದಲ್ಲಿ ಕೊಳ್ಳಬಹುದು. ಆ ಹೆಸರನ್ನು ಗಳಿಸಿಕೊಟ್ಟ ಎಂಜಿನಿಯರುಗಳು, ಫಿಟ್ಟರುಗಳು ಅದರ ಜೊತೆಗೆ ಬರುವುದಿಲ್ಲ. ಟ್ಯಾಂಕಿನ ಮೇಲೆ ಅದೇ ಅಕ್ಷರ, ಅದೇ ಬಾಗು ಇರುತ್ತದೆ. ಒಳಗಿನ ಕಂಪನಿ ಹೊಚ್ಚಹೊಸದು; ಅದರ ಲೆಕ್ಕವನ್ನು ಹೊಸ ಕಂಪನಿಯ ಲೆಕ್ಕವೆಂದೇ ನೋಡಬೇಕು.

ಹಾಗೆ ನೋಡಿದವರು ಅಲ್ಲಿ ಕಡಿಮೆ. ಕಂಪನಿ ಡಾನಿಂಗ್ಟನ್ ಹಾಲ್ ಎಂಬ ಹಳೆಯ ಬಂಗಲೆಗೆ ಹೋಯಿತು. 2015ರಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಅವರೇ ಅಲ್ಲಿಗೆ ಬಂದು ಸರ್ಕಾರದ ನೆರವು ಘೋಷಿಸಿದರು. ಮರುವರ್ಷ ಕಂಪನಿ 1200 ಸಿಸಿಯ ವಿ4 ಬೈಕುಗಳನ್ನು ತೋರಿಸಿತು: ಒಂದರ ಬೆಲೆ 28,000 ಪೌಂಡ್, ಇನ್ನೊಂದರದು 44,000. ಜನ ಮುಗಿಬಿದ್ದು ಮುಂಗಡ ಕಟ್ಟಿದರು. ಕೆಲವರು ಪೂರ್ತಿ ಬೆಲೆಯನ್ನೇ ಕೊಟ್ಟರು. ತಿಂಗಳುಗಳು ಕಳೆದವು, ವರ್ಷಗಳು ಕಳೆದವು, ಬಹಳ ಮಂದಿಗೆ ಬೈಕು ಬರಲೇ ಇಲ್ಲ.

ಅವರಿಗಿಂತ ನನ್ನನ್ನು ಹೆಚ್ಚು ಕಲಕುವವರು ಬೈಕನ್ನೇ ಬಯಸದ 200ಕ್ಕೂ ಹೆಚ್ಚು ಮಂದಿ. ಗಾರ್ನರ್ ಟ್ರಸ್ಟಿಯಾಗಿದ್ದ ಮೂರು ಪಿಂಚಣಿ ನಿಧಿಗಳಿಗೆ ಇವರು ತಮ್ಮ ದುಡಿಮೆಯ ಉಳಿತಾಯವನ್ನು ವರ್ಗಾಯಿಸಿದ್ದರು. ಆ ಹಣ ಹೋಗಿ ಸೇರಿದ್ದು ಗಾರ್ನರ್ ಅವರದೇ ಕಂಪನಿಯ ಷೇರಿಗೆ. ವಯಸ್ಸಾದವರು ತಮ್ಮ ದುಡ್ಡು ವಾಪಸ್ ಕೇಳಿದಾಗ ಕೊಡಲು ಏನೂ ಇರಲಿಲ್ಲ. 2020ರ ಜನವರಿಯಲ್ಲಿ ನಾರ್ಟನ್ ದಿವಾಳಿಯ ಆಡಳಿತಾಧಿಕಾರಿಗಳ ಕೈ ಸೇರಿತು. ಗಾರ್ನರ್ ಸುಮಾರು 1.4 ಕೋಟಿ ಪೌಂಡ್ ಹಿಂದಿರುಗಿಸಬೇಕೆಂದು ಪಿಂಚಣಿ ಒಂಬುಡ್ಸ್‌ಮನ್ ಅದೇ ವರ್ಷ ಆದೇಶಿಸಿದರು. 2022ರಲ್ಲಿ ಗಾರ್ನರ್ ತಪ್ಪೊಪ್ಪಿಕೊಂಡರು. ಸಿಕ್ಕಿದ್ದು ಎಂಟು ತಿಂಗಳ ಅಮಾನತು ಶಿಕ್ಷೆ. ಕಳೆದುಕೊಂಡವರ ನೋವಿನ ಮುಂದೆ ಇದು ಏನೇನೂ ಅಲ್ಲ ಎಂದೇ ನನ್ನ ಅಭಿಪ್ರಾಯ.

2020ರ ಏಪ್ರಿಲ್‌ನಲ್ಲಿ ನಾರ್ಟನ್ ಅನ್ನು 1.6 ಕೋಟಿ ಪೌಂಡಿಗೆ ಕೊಂಡದ್ದು ನಮ್ಮ ಪಕ್ಕದ ಹೊಸೂರಿನ ಟಿವಿಎಸ್. ಮೈಸೂರಿನ ಬಳಿಯೂ ಅವರ ಕಾರ್ಖಾನೆ ಇದೆ; ಆ ಸುದ್ದಿ ಓದಿ ಹೆಮ್ಮೆಪಟ್ಟೆ. ಅವರು ಸೋಲಿಹಲ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿದರು. ಹಿಂದಿನ ಆಡಳಿತದಲ್ಲಿ ಮಾರಾಟವಾಗಿದ್ದ ವಿ4 ಬೈಕುಗಳನ್ನು ಬಿಚ್ಚಿ ಪರೀಕ್ಷಿಸಿದಾಗ ಸಿಕ್ಕಿದ್ದು 35 ದೋಷಗಳು. ಅವುಗಳಲ್ಲಿ ಹಲವು ಸವಾರನ ಪ್ರಾಣಕ್ಕೇ ಅಪಾಯ ತರುವಂಥವು. ಬೈಕು ಕೈಗೆ ಬಂದ ಅದೃಷ್ಟವಂತರಿಗೂ ಅದನ್ನು ಓಡಿಸಬೇಡಿ ಎಂದು ಹೇಳಬೇಕಾಯಿತು.

ಹೊಸಬರು ಬಂದರಲ್ಲ, ಹಳೆಯ ಮುಂಗಡದ ಗತಿ ಏನು ಎನ್ನುತ್ತೀಯ? ದಿವಾಳಿಯಾದ ಕಂಪನಿಯ ಹೆಸರು, ಯಂತ್ರ, ವಿನ್ಯಾಸಗಳನ್ನು ಕೊಂಡವರ ಹೆಗಲಿಗೆ ಹಳೆಯ ಸಾಲ ತಾನಾಗಿ ಏರುವುದಿಲ್ಲ. ಮಾರಿ ಬಂದ ಹಣದಲ್ಲಿ ಮೊದಲು ಅಡಮಾನ ಇಟ್ಟುಕೊಂಡ ಬ್ಯಾಂಕಿನಂಥವರ ಪಾಲು. ಮುಂಗಡ ಕೊಟ್ಟವನು ಸಾಲಿನ ಕೊನೆಯ ಕಡೆ. ನಮ್ಮಲ್ಲೂ ಸ್ಥಿತಿ ಹೆಚ್ಚುಕಡಿಮೆ ಹೀಗೇ. 2018ರ ತಿದ್ದುಪಡಿಯಿಂದ ಫ್ಲ್ಯಾಟಿಗೆ ಹಣ ಕಟ್ಟಿದವರಿಗೆ ದಿವಾಳಿ ಸಂಹಿತೆಯಲ್ಲಿ ಹಣಕಾಸು ಸಾಲಿಗರ ಸ್ಥಾನ ಸಿಕ್ಕಿತು. ಬೈಕಿಗೆ ಮುಂಗಡ ಕೊಟ್ಟವನಿಗೆ ಅಂಥ ವಿಶೇಷ ಸ್ಥಾನ ಇಲ್ಲ. ನೀನು ಬುಕಿಂಗ್ ಎನ್ನುವುದು ನಿಜದಲ್ಲಿ ಬಡ್ಡಿಯಿಲ್ಲದ, ಆಧಾರವಿಲ್ಲದ ಕೈಗಡ. ಪರಿಚಯವಿಲ್ಲದವರಿಗೆ ಕೈಗಡ ಕೊಡುವಾಗ ಎಷ್ಟು ಯೋಚಿಸುತ್ತೀಯೋ ಅಷ್ಟಾದರೂ ಯೋಚಿಸು.

ಬ್ರಿಟನ್ನಿನಲ್ಲಿ 1974ರ ಗ್ರಾಹಕ ಸಾಲ ಕಾಯಿದೆ ಒಂದು ದಾರಿ ಇಟ್ಟಿದೆ: ವಸ್ತುವಿನ ಬೆಲೆ 100 ಪೌಂಡ್ ಮೀರಿ 30,000 ಪೌಂಡಿನ ಒಳಗಿದ್ದು, ಕ್ರೆಡಿಟ್ ಕಾರ್ಡಿನಲ್ಲಿ ಸ್ವಲ್ಪವಾದರೂ ಕಟ್ಟಿದ್ದರೆ, ಕಾರ್ಡ್ ಕಂಪನಿಯಿಂದ ಹಣ ಕೇಳಬಹುದು. 44,000 ಪೌಂಡಿನ ಬೈಕು ಬಯಸಿದವರಿಗೆ ಆ ದಾರಿಯೂ ಇರಲಿಲ್ಲ.

ಈಗ ನಿನ್ನ ವಿಷಯ. ಕಂಪನಿಯ ವಾರ್ಷಿಕ ಲೆಕ್ಕಪತ್ರ ಸಣ್ಣ ಶುಲ್ಕಕ್ಕೆ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ, ತೆಗೆಸಿ ನೋಡು. ಬುಕ್ ಮಾಡಿದವರ ಉತ್ಸಾಹದ ಮಾತು ಸಾಕು, ಗಾಡಿ ಕೈಗೆ ಬಂದು ವರ್ಷ ಓಡಿಸಿದವರನ್ನು ಹುಡುಕಿ ಮಾತಾಡಿಸು. ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಮೆಕ್ಯಾನಿಕ್ಕನ್ನು ಕೇಳು. ಬುಕಿಂಗ್ ರದ್ದಾದರೆ ಹಣ ಯಾವಾಗ ವಾಪಸ್ ಎಂಬುದನ್ನು ಬರೆಸಿಕೋ. ಕಳೆದುಹೋದರೂ ಮನೆ ನಡೆಯುವಷ್ಟೇ ಮೊತ್ತ ಕಟ್ಟು. ಉಳಿದದ್ದನ್ನು, ಬೈಕು ಕಣ್ಣೆದುರು ನಿಂತು ನಿನ್ನ ಇನ್‌ವಾಯ್ಸಿನಲ್ಲಿ ಅದರ ಚಾಸಿ ನಂಬರ್ ಬರೆದ ಮೇಲೆ ಕೊಡು.