ಬಿಸಿಲಿನ ಲೆಕ್ಕ

ಮಂಗಳ ಒಂದು ಗ್ರಹ. ರಾತ್ರಿ ಹೊತ್ತು ಕೆಂಪು ಚುಕ್ಕಿಯ ಹಾಗೆ ಕಾಣುತ್ತದೆ. ಅಲ್ಲಿಗೆ ಇನ್ನೂ ಯಾವ ಮನುಷ್ಯರೂ ಹೋಗಿಲ್ಲ. ಹೋದವರು ಅಲ್ಲಿ ಹೇಗೆ ಬದುಕಬೇಕು? ಅದನ್ನು ಭೂಮಿಯ ಮೇಲೇ ಕಲಿಯಬೇಕಲ್ಲವೇ?

ಅಮೆರಿಕ ದೇಶದ ಹವಾಯಿ ದ್ವೀಪದಲ್ಲಿ ಮೌನಾ ಲೋವಾ ಎಂಬ ಜ್ವಾಲಾಮುಖಿ ಬೆಟ್ಟವಿದೆ. ಅಲ್ಲಿ ಸುಮಾರು 8,000 ಅಡಿ ಎತ್ತರದಲ್ಲಿ ಒಂದು ಗುಂಡನೆಯ ಮನೆ ಕಟ್ಟಿದರು. ಹೆಸರು ಹೈ-ಸೀಸ್. ಸುತ್ತ ಬರೀ ಕಲ್ಲು. 2015ರ ಆಗಸ್ಟ್‌ನಲ್ಲಿ ಆರು ಜನ ಅದರೊಳಗೆ ಹೋದರು. ಮೂವರು ಹೆಂಗಸರು, ಮೂವರು ಗಂಡಸರು. ತಂಡದ ಮುಖ್ಯಸ್ಥೆ ಕಾರ್ಮೆಲ್ ಜಾನ್‌ಸ್ಟನ್ ಎಂಬ ಹೆಣ್ಣುಮಗಳು. ಒಂದು ವರ್ಷ ಅಲ್ಲೇ ಇದ್ದರು. ಹೊರಗೆ ಕಾಲಿಡಬೇಕಾದರೆ ಮೈ ಮುಚ್ಚುವ ವಿಶೇಷ ಉಡುಪು ಹಾಕಲೇಬೇಕು.

ಈ ಮನೆಗೆ ಊರಿನ ಕರೆಂಟ್ ಇಲ್ಲ. ಬಿಸಿಲಿನಿಂದ ಕರೆಂಟ್ ಮಾಡುವ ಸೋಲಾರ್ ಫಲಕಗಳಿವೆ. ಹಗಲು ಬ್ಯಾಟರಿ ತುಂಬುತ್ತದೆ. ರಾತ್ರಿ ಅದರಿಂದಲೇ ದೀಪ. ಬ್ಯಾಟರಿ ಅಂದರೆ ನೀರಿನ ತೊಟ್ಟಿ ಇದ್ದ ಹಾಗೆ. ತುಂಬಿದಷ್ಟೇ ತೆಗೆಯಬಹುದು.

ಯಾವುದಕ್ಕೆ ಎಷ್ಟು ಬೇಕು? ನಾವೂ ಲೆಕ್ಕ ಹಾಕೋಣ.

1000 ವ್ಯಾಟಿನ ಕರೆಂಟ್ ಒಲೆ 1 ಗಂಟೆ ಉರಿದರೆ 1 ಯೂನಿಟ್.
10 ವ್ಯಾಟಿನ ದೀಪ 100 ಗಂಟೆ ಉರಿದರೂ 1 ಯೂನಿಟ್ಟೇ!

ನೋಡಿದಿರಾ ಅಕ್ಕ? ಬೆಳಕಿಗೆ ಬೇಕಾದ್ದು ಸ್ವಲ್ಪ. ಬಿಸಿ ಮಾಡಲು ಬೇಕಾದ್ದು ಬಹಳ. ಅದಕ್ಕೇ ಇಂಥ ಮನೆಯಲ್ಲಿ ಅಡುಗೆ, ನೀರು ಕಾಯಿಸುವುದು ಎಲ್ಲ ಬಿಸಿಲಿದ್ದಾಗಲೇ ಮುಗಿಯಬೇಕು. ಮೋಡದ ದಿನ ತೀರಾ ಬೇಕಾದ ಕೆಲಸ ಮಾತ್ರ. ಒಬ್ಬರು ಉಳಿಸಿ ಇನ್ನೊಬ್ಬರು ಸುರಿದರೆ ಎಲ್ಲರಿಗೂ ಕತ್ತಲೆ. ಆದ್ದರಿಂದ ಎಲ್ಲರೂ ಕೂತು ಮಾತಾಡಿಕೊಳ್ಳಬೇಕು.

2018ರ ಫೆಬ್ರವರಿಯಲ್ಲಿ ಇನ್ನೊಂದು ತಂಡ ಹೋಯಿತು. ನಾಲ್ಕು ಜನ. ಮೋಡ ಕವಿಯಿತು. ಬ್ಯಾಟರಿ ಇಳಿಯಿತು. ಜನರೇಟರ್ ಹಚ್ಚಬೇಕಾಯಿತು. ಆ ಕೆಲಸದ ನಡುವೆ ಒಬ್ಬರಿಗೆ ಕರೆಂಟ್ ಹೊಡೆಯಿತು. ಕೂಡಲೇ ಹೊರಗಿನವರನ್ನು ಕರೆದು ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು. ಎಂಟು ತಿಂಗಳು ನಡೆಯಬೇಕಾದ ಅಭ್ಯಾಸ ನಾಲ್ಕೇ ದಿನಕ್ಕೆ ನಿಂತಿತು. ಇಲ್ಲಿ ಆಸ್ಪತ್ರೆ ಇತ್ತು, ಸರಿ. ಮಂಗಳದಲ್ಲಿ ಯಾರನ್ನು ಕರೆಯುವುದು?

ನಾವು ನೆನಪಿಡೋಣ: ಕರೆಂಟ್ ಹೊಡೆದವರನ್ನು ಬರಿಗೈಯಲ್ಲಿ ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕು. ಒದ್ದೆ ಕೈಯಲ್ಲಿ ಸ್ವಿಚ್ ಒತ್ತಬಾರದು.

ಓದಿ, ಉತ್ತರ ಹೇಳಿ

1. ಬ್ಯಾಟರಿಯನ್ನು ಯಾವುದಕ್ಕೆ ಹೋಲಿಸಿದ್ದೇವೆ?
2. 1 ಯೂನಿಟ್ಟಿನಲ್ಲಿ 20 ವ್ಯಾಟಿನ ದೀಪ ಎಷ್ಟು ಗಂಟೆ ಉರಿಯುತ್ತದೆ?
3. ನಿಮ್ಮ ಮನೆಯಲ್ಲಿ ಹೆಚ್ಚು ಕರೆಂಟ್ ತಿನ್ನುವುದು ಯಾವುದು? ಬರೆಯಿರಿ.